ಕೆಟ್ಟ ಜೀನ್‌ಗಳ ಸಾಕ್ಷ್ಯ

ಜೀವವಿಕಾಸವನ್ನು ಒಪ್ಪದವರು ಎತ್ತುವ ಆಕ್ಷೇಪಗಳಲ್ಲಿ ಗಂಭೀರವಾಗಿ ಪರಿಗಣಿಸಬೇಕಾದದ್ದೊಂದಿದೆ: ಲಕ್ಷಾಂತರ ವರ್ಷಗಳ ಹಿಂದೆ ನಡೆಯಿತೆನ್ನಲಾದ, ಯಾರೂ ಕಾಣದ ಸಂಗತಿಯನ್ನು ಜ್ಞಾನವೆಂದು ಕರೆಯಲು ಆಧಾರವೇನು? ಒಂದು ಜೀವಿಸಮುದಾಯದಲ್ಲಿ ಆನುವಂಶಿಕ ಗುಣಗಳ ಪ್ರಮಾಣವು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತ ಹೋಗುವುದೇ ವಿಕಾಸ. ಬದುಕಿ ಸಂತಾನ ಪಡೆಯಲು ನೆರವಾಗುವ ಗುಣಗಳು ಹೆಚ್ಚಾಗಿ ಉಳಿದುಬರುವುದನ್ನು ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಪ್ರಕಟವಾದ ಗ್ರಂಥದಲ್ಲಿ ನಿಸರ್ಗದ ಆಯ್ಕೆ ಎಂದು ವಿವರಿಸಿದನು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಲ್ಲಿ ಇದು ಕಣ್ಣೆದುರೇ ನಡೆಯುವುದರಿಂದ ಇಷ್ಟರಮಟ್ಟಿಗೆ ತಕರಾರು ಕಡಿಮೆ. ತಕರಾರು ಏಳುವುದು ಮನುಷ್ಯನೂ ಚಿಂಪಾಂಜಿಯೂ ಒಂದೇ ಪೂರ್ವಜರಿಂದ ಕವಲೊಡೆದು ಬಂದರೆಂಬಲ್ಲಿ.

ಇದನ್ನು ಸ್ಥಾಪಿಸಲು ಬರಿಯ ಹೋಲಿಕೆ ಸಾಲದು. ಡಾಲ್ಫಿನ್ನಿನ ಮೈಕಟ್ಟು ಶಾರ್ಕಿನದನ್ನು ಹೋಲುವುದು ನೀರನ್ನು ಸೀಳಿ ಸಾಗುವ ಅಗತ್ಯದಿಂದಲೇ ಹೊರತು ಹತ್ತಿರದ ನಂಟಿನಿಂದಲ್ಲ. ನಂಟನ್ನು ತೋರಬಲ್ಲದ್ದು ಪ್ರಯೋಜನವಿಲ್ಲದ ಹೋಲಿಕೆ, ಅದರಲ್ಲೂ ಒಂದೇ ಕಡೆ ಒಂದೇ ಬಗೆಯಲ್ಲಿ ಸಂಭವಿಸಿದ ದೋಷ. ಹಳಗನ್ನಡ ಕಾವ್ಯಗಳ ಓಲೆಪ್ರತಿಗಳನ್ನು ಪರಿಷ್ಕರಿಸುವ ಗ್ರಂಥಸಂಪಾದಕರು ಈ ತರ್ಕವನ್ನು ಚೆನ್ನಾಗಿ ಬಲ್ಲರು: ಎರಡು ಪ್ರತಿಗಳಲ್ಲಿ ಶುದ್ಧಪಾಠ ಒಂದೇ ಆಗಿದ್ದರೆ ಅವುಗಳ ಪರಸ್ಪರ ಸಂಬಂಧದ ಬಗ್ಗೆ ಹೆಚ್ಚೇನೂ ತಿಳಿಯದು, ಆದರೆ ಹಲವೆಡೆ ಅವೇ ಅಕ್ಷರಗಳು ತಪ್ಪಾಗಿ, ಅವೇ ಸಾಲುಗಳು ಬಿಟ್ಟುಹೋಗಿದ್ದರೆ, ಈಗ ಸಿಗದ ಒಂದೇ ಮಾತೃಕೆಯಿಂದ ಎರಡೂ ಇಳಿದುಬಂದಿವೆ ಎಂದು ಧೈರ್ಯವಾಗಿ ಹೇಳಬಹುದು.

ಜೀವಿಗಳ ಒಡಲಲ್ಲೂ ಅಂಥ ಸ್ಖಾಲಿತ್ಯಗಳಿವೆ. ಬಹುಪಾಲು ಸಸ್ತನಿಗಳು ತಮಗೆ ಬೇಕಾದ ಸಿ ಜೀವಸತ್ವವನ್ನು ಯಕೃತ್ತಿನಲ್ಲಿ ತಾವೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಾದರೋ ಅದನ್ನು ಆಹಾರದಿಂದ ಪಡೆಯದಿದ್ದರೆ ಒಸಡಿನಿಂದ ರಕ್ತ ಸುರಿಯುವ ಸ್ಕರ್ವಿ ರೋಗಕ್ಕೆ ತುತ್ತಾಗುತ್ತಾನೆ. ಆ ತಯಾರಿಕೆಯ ಕೊನೆಯ ಹಂತವನ್ನು ನಡೆಸುವ ಕಿಣ್ವದ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನಿನ, ಜೀನ್ ಮನುಷ್ಯನಲ್ಲಿ ಪೂರ್ತಿ ಅಳಿದಿಲ್ಲ. ಮುರುಕಾಗಿ, ನಿಷ್ಕ್ರಿಯವಾಗಿ ಉಳಿದಿದೆ. ಚಿಂಪಾಂಜಿಯಲ್ಲೂ ಮಂಗಗಳಲ್ಲೂ ಅದು ಕೆಟ್ಟಿದ್ದು, ಕೆಟ್ಟ ಗುರುತುಗಳಲ್ಲಿ ಹಲವು ಸಮಾನವಾಗಿವೆ. ಗಿನಿಪಿಗ್ಗಿಗೂ ಈ ಜೀವಸತ್ವವನ್ನು ತಯಾರಿಸುವ ಶಕ್ತಿಯಿಲ್ಲ, ಆದರೆ ಅದರಲ್ಲಿ ಜೀನ್ ಕೆಟ್ಟಿರುವ ರೀತಿಯೇ ಬೇರೆ.

ಇನ್ನೊಂದು ನಿದರ್ಶನದಲ್ಲಿ ಸಿದ್ಧಾಂತವೇ ಅಪಾಯಕ್ಕೆ ಒಡ್ಡಿಕೊಂಡಿತು. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ 24 ಜೊತೆ ವರ್ಣತಂತುಗಳಿದ್ದರೆ ಮನುಷ್ಯನಿಗೆ 23 ಜೊತೆ. ಪೂರ್ವಜರು ಒಂದೇ ಆಗಿದ್ದರೆ, ಒಂದು ಜೊತೆ ಸುಮ್ಮನೆ ಮಾಯವಾಗಿರಲಾರದು; ಎರಡು ತಂತುಗಳು ಬೆಸೆದುಕೊಂಡಿರಬೇಕು, ಬೆಸುಗೆಯ ಗುರುತೂ ಸಿಗಬೇಕು. 1991ರಲ್ಲಿ ಪ್ರಕಟವಾದ ಸಂಶೋಧನೆಯು ಮನುಷ್ಯನ ಎರಡನೆಯ ವರ್ಣತಂತುವಿನ ಒಳಗೆ, ಸಾಮಾನ್ಯವಾಗಿ ತಂತುಗಳ ತುದಿಗಳಲ್ಲಿರುವ ಟೆಲೊಮೀರ್ ಎಂಬ ಪುನರಾವರ್ತಿತ ಸರಣಿಗಳು ಎದುರುಬದುರಾಗಿ ಸೇರಿರುವುದನ್ನು ತೋರಿಸಿತು. ಅದೇ ತಂತುವಿನಲ್ಲಿ ನಿಷ್ಕ್ರಿಯವಾದ ಎರಡನೆಯ ಸೆಂಟ್ರೊಮೀರಿನ, ಅಂದರೆ ಕೋಶವಿಭಜನೆಯಲ್ಲಿ ತಂತುವನ್ನು ಎಳೆಯಲು ಹಿಡಿತ ಒದಗಿಸುವ ಭಾಗದ, ಅವಶೇಷವೂ ಇದೆ.

ಸೃಷ್ಟಿಕರ್ತನೇ ಹೀಗೆ ರಚಿಸಿರಬಹುದಲ್ಲ ಎಂಬ ಮಾತನ್ನು ಯಾವ ಪ್ರಯೋಗವೂ ಅಲ್ಲಗಳೆಯಲಾರದು. ದೇವರಿದ್ದಾನೆಯೇ ಎಂಬುದು ಜೀವವಿಜ್ಞಾನ ತೀರ್ಮಾನಿಸುವ ವಿಷಯವೂ ಅಲ್ಲ. ಆದರೆ ಬೆಸುಗೆಯ ಗುರುತು ಸಿಕ್ಕಿದ್ದರೂ ಸಿಗದಿದ್ದರೂ ಆ ಮಾತು ಒಂದೇ ಸಮನೆ ಹೊಂದುತ್ತಿತ್ತಾದ್ದರಿಂದ ವಿವರಣೆಯಾಗಿ ಅದು ದುರ್ಬಲ: ಚಿಂಪಾಂಜಿಯ ಜೀನ್ ಮನುಷ್ಯನದರಂತೆಯೂ ಗಿನಿಪಿಗ್ಗಿನದು ಬೇರೊಂದು ಬಗೆಯಲ್ಲೂ ಏಕೆ ಕೆಟ್ಟಿತೆಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.