ಬಡಗಿಯ ಮಗನೆನ್ನಲು ನಾಚಿಕೆಯೇ?

(ಓದಿಕೊಳ್ಳಿ: ಮಾರ್ಕ 6:1-6)



ಮೇ 1ರಂದು ನಮ್ಮ ಧರ್ಮಸಭೆ ಶ್ರಮಿಕರಾದ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತದೆ. ಅಂದು ಅವರ ಸ್ವರೂಪಕ್ಕೆ ಹೂಮಾಲೆ ಹಾಕುತ್ತೇವೆ, ಮೇಣದಬತ್ತಿ ಹಚ್ಚುತ್ತೇವೆ, ಕೈಮುಗಿದು ಬೇಡಿಕೊಳ್ಳುತ್ತೇವೆ. ಆ ಸ್ವರೂಪದ ಕೈಯಲ್ಲಿ ಒಂದು ಉಳಿಯೋ ಗರಗಸವೋ ಇದ್ದರೆ ಅದಕ್ಕೂ ಹೂವು ಮುಡಿಸುತ್ತೇವೆ. ಅದೇ ಸಂಜೆ ಮನೆಗೆ ಬಂದು ಮಗನ ಅಂಕಪಟ್ಟಿ ಕೈಗೆತ್ತಿಕೊಂಡಾಗ ನಮ್ಮ ಬಾಯಿಂದ ಬರುವ ಮಾತು ಯಾವುದು? "ಹೀಗೇ ಆದರೆ ನೀನು ಮರ ಕುಯ್ಯೋಕೆ ಹೋಗಬೇಕಾಗುತ್ತೆ ನೋಡು!"

ಬೆಳಿಗ್ಗೆ ಯಾರಿಗೆ ಕೈಮುಗಿದೆವೋ ಅವರ ಕಸುಬನ್ನೇ ಸಂಜೆ ಮಕ್ಕಳಿಗೆ ಗುಮ್ಮನ ಹಾಗೆ ತೋರಿಸುತ್ತೇವೆ. ಇದು ಎಂಥ ಭಕ್ತಿ?

ಈ ಮಾತನ್ನು ನಾನು ನಿಮ್ಮನ್ನು ಚುಚ್ಚಲು ಹೇಳುತ್ತಿಲ್ಲ. ಮೊದಲು ಚುಚ್ಚಿಸಿಕೊಳ್ಳಬೇಕಾದವನು ನಾನೇ. ಆದುದರಿಂದ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಂಡು ಮುಂದುವರಿಯುತ್ತೇನೆ.

ನಾನು ಬೆಳೆದದ್ದು ಬೆಂಗಳೂರಿನ ಕಾಟನ್‌ಪೇಟೆಯ ಒಂದು ಗಲ್ಲಿಯಲ್ಲಿ. ಆ ಪೇಟೆಯೇ ದುಡಿಯುವ ಕೈಗಳ ಪೇಟೆ. ಹತ್ತಿರದಲ್ಲೇ 1884ರಲ್ಲಿ ಶುರುವಾದ, ಮುಂದೆ ಬಿನ್ನಿ ಮಿಲ್ಲೆಂದೇ ಹೆಸರಾದ ಬಟ್ಟೆ ಗಿರಣಿ ಇತ್ತು. ಇಂದು ಅಲ್ಲಿ ಮಗ್ಗದ ಸದ್ದಿಲ್ಲ, ಬಹುಮಹಡಿ ವಸತಿ ಕಟ್ಟಡಗಳಿವೆ. ಕರಗದ ರಾತ್ರಿ ಮೆರವಣಿಗೆ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬರುವುದು ನಮ್ಮ ಪೇಟೆಗೇ. ನಮ್ಮ ಪ್ರಾರ್ಥನೆಗೆ ಬ್ರಿಯಾಂಡ್ ಚೌಕದಲ್ಲಿ ಸಂತ ಜೋಸೆಫರ ಹೆಸರಿನ ದೇವಾಲಯವಿತ್ತು, ಈಗಲೂ ಇದೆ. ನನ್ನ ಅಪ್ಪ ಆ ಸಂತರದೇ ಕಸುಬಿನವರು, ಬಡಗಿ.

ಹಗಲು ಊರವರ ಮನೆಗಳ ಬಾಗಿಲು ಕಿಟಕಿ ಮಾಡುತ್ತಿದ್ದ ಅಪ್ಪ, ರಾತ್ರಿ ಊಟವಾದ ಮೇಲೆ ಜಗಲಿಯ ಮೇಲೆ ಕುಳಿತು ಸಣ್ಣಪುಟ್ಟ ಕೆಲಸ ಮಾಡುತ್ತಿದ್ದರು. ಒಮ್ಮೆ ದಂಡಿನ ಕಡೆಯ ಒಂದು ಮನೆಯವರು ಊಟದ ಮೇಜಿಗೆ ನ್ಯಾಪ್‌ಕಿನ್ ಸ್ಟ್ಯಾಂಡ್ ಬೇಕೆಂದು ಕೇಳಿದ್ದರು. ಕೈಬಾಯಿ ಒರೆಸುವ ಕಾಗದವನ್ನು ನಿಲ್ಲಿಸಿಡುವ ಪುಟ್ಟ ಮರದ ಸಾಧನ ಅದು. ನಮ್ಮ ಮನೆಯಲ್ಲಿ ಮೇಜೂ ಇರಲಿಲ್ಲ, ಆ ಕಾಗದವೂ ಇರಲಿಲ್ಲ. ನೆಲದ ಮೇಲೆ ಕುಳಿತು ಉಂಡು, ಕೈತೊಳೆದು, ಅಪ್ಪನ ಹೆಗಲ ಮೇಲಿನ ಟವೆಲ್ಲಿನ ತುದಿಗೆ ಒರೆಸಿಕೊಳ್ಳುತ್ತಿದ್ದವರು ನಾವು. ಉಳಿದ ತೇಗದ ತುಂಡುಗಳಲ್ಲಿ ಅಪ್ಪ ನಮಗೂ ಒಂದನ್ನು ಮಾಡಿದರು. "ಇದರಲ್ಲಿ ನಾವು ಏನು ಇಡೋದು?" ಎಂದು ಅಮ್ಮ ನಕ್ಕರು. "ಜಪದ ಪುಸ್ತಕ ಇಡು" ಎಂದರು ಅಪ್ಪ. ಅಂದಿನಿಂದ ನಮ್ಮ ಜಪದ ಪುಸ್ತಕ ಅದರಲ್ಲೇ ನಿಂತಿತು.

ಅದೇ ವರ್ಷ ಶಾಲೆಯಲ್ಲಿ ಪ್ರತಿಯೊಬ್ಬರೂ ಎದ್ದುನಿಂತು ತಂದೆಯ ಉದ್ಯೋಗ ಹೇಳಬೇಕಾಯಿತು. ಗುಮಾಸ್ತ, ಬ್ಯಾಂಕು, ಅಂಗಡಿ ಎಂದು ಒಬ್ಬೊಬ್ಬರೂ ಹೇಳಿದರು. ನನ್ನ ಸರದಿ ಬಂದಾಗ ನಾನು "ಕಂಟ್ರಾಕ್ಟರ್" ಎಂದೆ. ಕೆಲವು ದಿನಗಳ ಮೇಲೆ ಮುರಿದ ಬೆಂಚುಗಳನ್ನು ರಿಪೇರಿ ಮಾಡಲು ಒಬ್ಬ ಬಡಗಿ ಶಾಲೆಗೆ ಬಂದರು. ಹೆಗಲಿಗೆ ಚೀಲ, ಕಿವಿಯ ಮೇಲೆ ಪೆನ್ಸಿಲ್. ಅವರು ನನ್ನ ಅಪ್ಪ. ಗೆಳೆಯರ ನಡುವೆ ನಿಂತಿದ್ದ ನಾನು ಕಂಬದ ಹಿಂದೆ ಸರಿದೆ. ಅಪ್ಪ ನನ್ನನ್ನು ನೋಡಿದರು. ಅರ್ಥವಾಯಿತೆಂದು ಕಾಣುತ್ತದೆ. ನನ್ನನ್ನು ಕೂಗಲಿಲ್ಲ, ಗುರುತು ತೋರಿಸಲಿಲ್ಲ, ಬೆಂಚಿನ ಕಡೆ ನಡೆದರು. ಆ ರಾತ್ರಿಯೂ ಆ ವಿಷಯ ಎತ್ತಲಿಲ್ಲ. ಮುಂದೆ ಎಂದೂ ಎತ್ತಲಿಲ್ಲ.

ಪೇತ್ರ ಅಂಗಳದಲ್ಲಿ ಬೆಂಕಿ ಕಾಯಿಸುತ್ತಾ ತನ್ನ ಗುರುವನ್ನು ಅರಿಯೆನೆಂದ. ಕೋಳಿ ಕೂಗಿದೊಡನೆ ಹೊರಗೆ ಹೋಗಿ ಅತ್ತ. ನನಗೆ ಕೋಳಿ ಕೂಗಿದ್ದು ಬಹಳ ತಡವಾಗಿ. ಅಪ್ಪ ತೀರಿಕೊಂಡರು, ಕ್ಷಮೆ ಕೇಳುವ ಮಾತು ನನ್ನ ಗಂಟಲಲ್ಲೇ ಉಳಿಯಿತು.

ಒಂದು ತಪಸ್ಸುಕಾಲದಲ್ಲಿ ಅಪ್ಪನ ಟ್ರಂಕನ್ನು ತೆರೆದೆ. ಗರಗಸ, ಉಳಿ, ಕೊಡತಿ, ಉಜ್ಜುಗೊರಡು, ಮೂಲೆಮಟ್ಟ, ಸವೆದು ನಡುವೆ ಹಳ್ಳಬಿದ್ದ ಸಾಣೆಕಲ್ಲು, ಎಲ್ಲವೂ ಇದ್ದವು. ಪ್ರಾಯಶ್ಚಿತ್ತವೆಂದು ಮಾಂಸ ಬಿಡುವುದರ ಜೊತೆಗೆ ಇನ್ನೊಂದು ಕೆಲಸ ಮಾಡೋಣವೆನಿಸಿತು. ಅಪ್ಪ ಮಾಡಿದ್ದ ಆ ಪುಟ್ಟ ಸ್ಟ್ಯಾಂಡನ್ನು ನೋಡಿ ಅದರಂತೆಯೇ ಇನ್ನೊಂದನ್ನು ಮಾಡುವುದೆಂದು ನಿಶ್ಚಯಿಸಿದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆಯಿಂದ ತೇಗದ ತುಂಡುಗಳನ್ನು ತಂದೆ.

ಲೆಕ್ಕ ಬಹಳ ಸುಲಭ. ತಳಕ್ಕೆ 16 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ಅಗಲ, ಒಂದೂವರೆ ಸೆಂಟಿಮೀಟರ್ ದಪ್ಪದ ಒಂದು ಹಲಗೆ. ನಿಲ್ಲುವ ಎರಡು ಪಕ್ಕಗಳಿಗೆ 16 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಎತ್ತರ, ಒಂದು ಸೆಂಟಿಮೀಟರ್ ದಪ್ಪದ ಎರಡು ಹಲಗೆ. ತಳದ ಹಲಗೆಯಲ್ಲಿ ಉದ್ದಕ್ಕೂ ಎರಡು ಗಾಡಿ ಕೊರೆದು, ಪಕ್ಕಗಳನ್ನು ಅದರೊಳಗೆ ಕೂರಿಸಬೇಕು. ನಡುವೆ 3 ಸೆಂಟಿಮೀಟರ್ ಜಾಗ. ಒಂದಡಿ ಚೌಕದ ಕಾಗದವನ್ನು ನಾಲ್ಕಾಗಿ ಮಡಿಸಿದರೆ ಅದರಲ್ಲಿ ಸರಿಯಾಗಿ ನಿಲ್ಲುತ್ತದೆ. ಇಷ್ಟೇ. ಒಂದು ಸಂಜೆಯ ಕೆಲಸವೆಂದುಕೊಂಡೆ. ನನಗೆ ಮೂರು ವಾರ ಹಿಡಿಯಿತು.

ಮೊದಲ ಸಂಜೆ ಉಜ್ಜುಗೊರಡು ಹಿಡಿದು ಬಲವಾಗಿ ತಳ್ಳಿದೆ. ಹಲಗೆ ನುಣುಪಾಗುವ ಬದಲು ಸಿಬಿರು ಸಿಬಿರಾಗಿ ಕಿತ್ತುಬಂತು. ಮರಕ್ಕೆ ಒಂದು ಎಳೆಯುಂಟು. ಎಳೆ ಯಾವ ಕಡೆಗೆ ಏರುತ್ತದೆಂದು ಅಂಚಿನಲ್ಲಿ ನೋಡಿ, ಆ ಕಡೆಗೇ ಉಜ್ಜಬೇಕು. ಎದುರು ಉಜ್ಜಿದರೆ ಎಷ್ಟು ಬಲ ಹಾಕುತ್ತೀರೋ ಅಷ್ಟು ಗಾಯವಾಗುತ್ತದೆ. ಹಲಗೆಯನ್ನು ತಿರುಗಿಸಿ ಹಿಡಿದೆ. ಅದೇ ಗೊರಡು, ಅದೇ ಕೈ. ತೆಳುವಾದ ಸುರುಳಿ ತಾನಾಗಿ ಎದ್ದುಬಂತು. ತಂದೆತಾಯಿಗಳೇ, ಮಕ್ಕಳಿಗೂ ಹೀಗೊಂದು ಎಳೆಯಿದೆ. ನಾವು ಅದನ್ನು ನೋಡುವ ಮೊದಲೇ ಬಲ ಹಾಕುತ್ತೇವೆ. ಸಿಬಿರು ಎದ್ದರೆ ಮರವನ್ನು ಬೈಯುತ್ತೇವೆ.

ಎರಡನೆಯದು, ಗಾಡಿ ಕೊರೆಯುವ ಕೆಲಸ. ಗೆರೆಯನ್ನು ಪೆನ್ಸಿಲ್ಲಿನಲ್ಲಿ ಎಳೆದರೆ ಸಾಲದು, ಚಾಕುವಿನಿಂದ ಸಣ್ಣಗೆ ಗೀರಬೇಕು. ಉಳಿಯ ಏಟು ಗೆರೆಯ ಒಳಗೇ ಬೀಳಬೇಕು. ತೆಗೆದದ್ದು ಕಡಿಮೆಯಾದರೆ ಮತ್ತೆ ತೆಗೆಯಬಹುದು, ಹೆಚ್ಚಾಗಿ ತೆಗೆದದ್ದನ್ನು ಮತ್ತೆ ಸೇರಿಸಲಾಗದು. ನಾನು ಆತುರದಿಂದ ಒಂದು ಗಾಡಿಯನ್ನು ಅಗಲ ಮಾಡಿಬಿಟ್ಟೆ. ಪಕ್ಕದ ಹಲಗೆ ಹಲ್ಲು ಸಡಿಲಾದಂತೆ ಅಲ್ಲಾಡಿತು. ಬಾಯಿಂದ ಆಡಿದ ಒಂದು ಮಾತೂ ಹೀಗೆಯೇ. "ಕಂಟ್ರಾಕ್ಟರ್" ಎಂಬ ನನ್ನ ಮಾತನ್ನು ಯಾವ ಅಂಟು ಹಾಕಿ ಹಿಂದಕ್ಕೆ ಕೂರಿಸಲಿ?

ಮೂರನೆಯದು, ಸಾಣೆ. ಉಳಿ ಮೊಂಡಾದಾಗಲೇ ಅದು ಜಾರಿ ಕೈಗೆ ಬೀಳುವುದು. ಹರಿತವಾದದ್ದು ಹೇಳಿದ ಕಡೆ ಹೋಗುತ್ತದೆ. ಅಪ್ಪ ಪ್ರತಿ ಸಂಜೆ ಕೆಲಸಕ್ಕೆ ಮೊದಲು ಸಾಣೆಕಲ್ಲಿಗೆ ನೀರು ಹಾಕಿ ಮೌನವಾಗಿ ಉಳಿ ಮಸೆಯುತ್ತಿದ್ದರು. ಕಾಲಹರಣವೆಂದು ನನಗೆ ಆಗ ಅನ್ನಿಸುತ್ತಿತ್ತು. ಪ್ರಾರ್ಥನೆಯನ್ನೂ ಪಾಪನಿವೇದನೆಯನ್ನೂ ಕಾಲಹರಣವೆನ್ನುವವರು ಒಮ್ಮೆ ಮೊಂಡು ಉಳಿಯನ್ನು ಹಿಡಿದು ನೋಡಲಿ.

ಪ್ರಿಯರೇ, ಈಗ ನಜರೇತಿನ ಕಡೆ ತಿರುಗೋಣ. ಯೇಸುಸ್ವಾಮಿ ತಮ್ಮ ಊರಿನ ಪ್ರಾರ್ಥನಾಮಂದಿರದಲ್ಲಿ ಬೋಧಿಸಿದಾಗ ಜನ ಮೊದಲು ಬೆರಗಾದರು. ಬಳಿಕ, ಈತ ನಮ್ಮ ನಡುವಿನ ಬಡಗಿಯೇ ಅಲ್ಲವೇ ಎಂದು ಮೂಗು ಮುರಿದರು. ಸಂತ ಮತ್ತಾಯರ ಶುಭಸಂದೇಶದಲ್ಲಿ (13:55) ಅದೇ ಮಾತು ಬಡಗಿಯ ಮಗನೆಂದು ಬರುತ್ತದೆ. ಗ್ರೀಕಿನ ಮೂಲದಲ್ಲಿರುವ 'ತೆಕ್ತೋನ್' ಎಂಬ ಪದ ಮರಗೆಲಸದವರಿಗೂ ಮನೆ ಕಟ್ಟುವವರಿಗೂ ಸಲ್ಲುತ್ತದೆ. ಎರಡನೆಯ ಶತಮಾನದ ರಕ್ತಸಾಕ್ಷಿ ಸಂತ ಜಸ್ಟಿನರು, ಯೇಸು ನೇಗಿಲು ನೊಗಗಳನ್ನು ಮಾಡುತ್ತಿದ್ದರೆಂದು ಬರೆದಿದ್ದಾರೆ. ನಜರೇತಿನವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವರು ಬಡಗಿಯೇ. ತಪ್ಪು ಇದ್ದದ್ದು ಆ ಮಾತಿನ ಧಾಟಿಯಲ್ಲಿ, ಬಡಗಿಯಿಂದ ದೇವರ ಮಾತು ಬರಲು ಸಾಧ್ಯವೇ ಎಂಬ ತಾತ್ಸಾರದಲ್ಲಿ. ಆ ಅವಿಶ್ವಾಸದ ದೆಸೆಯಿಂದ ಅಲ್ಲಿ ಅವರು ಕೆಲವೇ ರೋಗಿಗಳನ್ನು ಗುಣಪಡಿಸಿ ಹೊರಟುಹೋದರು ಎನ್ನುತ್ತಾರೆ ಸಂತ ಮಾರ್ಕರು. ತಾತ್ಸಾರವಿರುವ ಮನೆಯಲ್ಲಿ ದೇವರ ಕೆಲಸಕ್ಕೂ ಎಡೆ ಇಕ್ಕಟ್ಟಾಗುತ್ತದೆ!

ದೇವರಿಗಾದರೋ ಕುಶಲ ಕೈಗಳೆಂದರೆ ಎಂದೂ ತಾತ್ಸಾರವಿಲ್ಲ. ವಿಮೋಚನಾಕಾಂಡದ 31ನೆಯ ಅಧ್ಯಾಯ ತೆರೆದು ನೋಡಿ. ದೇವದರ್ಶನದ ಗುಡಾರವನ್ನು ಕಟ್ಟಲು ಸರ್ವೇಶ್ವರ ಬೆಚಲೇಲನನ್ನು ಹೆಸರು ಹಿಡಿದು ಕರೆದರು, ಅವನನ್ನು ದೇವರಾತ್ಮದಿಂದ ತುಂಬಿದರು. ಏತಕ್ಕಾಗಿ? ಯುದ್ಧಕ್ಕಲ್ಲ, ಸಿಂಹಾಸನಕ್ಕಲ್ಲ. ಲೋಹ, ಕಲ್ಲು, ಮರಗಳ ಕೆಲಸಕ್ಕಾಗಿ. ಸಿರಾಖನ ಗ್ರಂಥದ 38ನೆಯ ಅಧ್ಯಾಯವು ಕಮ್ಮಾರ ಕುಂಬಾರರನ್ನು ನೆನೆದು, ಇವರು ಸಭೆಗಳಲ್ಲಿ ಮುಂದಿನ ಆಸನದಲ್ಲಿ ಕೂರದಿದ್ದರೂ ಇವರಿಲ್ಲದೆ ಊರೇ ನಿಲ್ಲದು, ಇವರ ಕಸುಬಿನಲ್ಲೇ ಇವರ ಪ್ರಾರ್ಥನೆಯಿದೆ ಎಂಬ ಅರ್ಥದಲ್ಲಿ ಬೋಧಿಸುತ್ತದೆ.

ಧರ್ಮಸಭೆಯೂ ಇದನ್ನೇ ಮತ್ತೆ ಮತ್ತೆ ಹೇಳಿದೆ. ಮೇ 1ರ ಹಬ್ಬವನ್ನು 1955ರಲ್ಲಿ ಸ್ಥಾಪಿಸಿದವರು ಹನ್ನೆರಡನೆಯ ಭಕ್ತಿನಾಥರೆಂದು ಕರೆಯಲಾಗುವ ಪೋಪ್ ಪಿಯುಸರು. ಸಂತ ಎರಡನೆಯ ಜಾನ್ ಪಾಲ್ 1981ರಲ್ಲಿ ಮಾನವ ದುಡಿಮೆಯ ಬಗ್ಗೆ ವಿಶ್ವಪತ್ರವನ್ನು ಹೊರಡಿಸಿ, ಕೆಲಸದ ಬೆಲೆಯನ್ನು ಮೊದಲು ಅಳೆಯಬೇಕಾದದ್ದು ಅದನ್ನು ಮಾಡುವ ಮನುಷ್ಯನಿಂದ, ಕೆಲಸದ ಬಗೆಯಿಂದಲ್ಲ ಎಂದು ಬೋಧಿಸಿದರು. ಪೋಪ್ ಫ್ರಾನ್ಸಿಸರು 2020ರ ಡಿಸೆಂಬರ್ 8ರಿಂದ ಒಂದು ವರ್ಷವನ್ನು ಸಂತ ಜೋಸೆಫರಿಗೆ ಮೀಸಲಿಟ್ಟು, ದುಡಿಯುವ ತಂದೆಯಾಗಿ ಅವರನ್ನು ನಮ್ಮ ಮುಂದಿಟ್ಟರು.

ಇನ್ನು ನ್ಯಾಪ್‌ಕಿನ್ನಿನ ಮಾತು. ಸಂತ ಯೊವಾನ್ನರ ಶುಭಸಂದೇಶದಲ್ಲಿ (20:7) ಬರಿದಾದ ಸಮಾಧಿಯೊಳಗೆ ಪ್ರಭುವಿನ ತಲೆಗೆ ಕಟ್ಟಿದ್ದ ವಸ್ತ್ರ ಬೇರೆಯಾಗಿ ಸುತ್ತಿಟ್ಟಿತ್ತೆಂದು ಓದುತ್ತೇವೆ. ಊಟದ ನಡುವೆ ಎದ್ದುಹೋಗುವ ಯಜಮಾನ ಮರಳಿ ಬರುವುದಾದರೆ ವಸ್ತ್ರವನ್ನು ಮಡಿಸಿಡುವುದು ಯೆಹೂದ್ಯರ ಪದ್ಧತಿಯೆಂದು ಒಂದು ಕಥೆ ವಾಟ್ಸಾಪಿನಲ್ಲಿ ಓಡಾಡುತ್ತದೆ. ಅಂಥ ಪದ್ಧತಿಗೆ ಆಧಾರವಿಲ್ಲ, ಅದನ್ನು ನಂಬಬೇಡಿ. ಕಥೆ ಇಲ್ಲದೆಯೂ ನಮಗೆ ಸಾಕಷ್ಟಿದೆ. ಕಡೆಯ ಭೋಜನದ ರಾತ್ರಿ ನಡುವಿಗೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಪಾದಗಳನ್ನು ತೊಳೆದು ಒರೆಸಿದ್ದು ಆ ಬಡಗಿಯ ಕೈಗಳೇ. ಇಂದಿಗೂ ಬಲಿಪೂಜೆಯಲ್ಲಿ ಗುರುಗಳು ಪೂಜಾಪಾತ್ರೆಯನ್ನು ಒಂದು ಪುಟ್ಟ ಬಿಳಿ ವಸ್ತ್ರದಿಂದ ಒರೆಸುತ್ತಾರೆ. ಬಲಿಪೀಠವೂ ಒಂದು ಊಟದ ಮೇಜೇ. ಅಲ್ಲಿ ಸೇವೆಯ ವಸ್ತ್ರಕ್ಕೆ ಜಾಗವಿದೆ, ಆದರೆ ಮೇಲು ಕೀಳಿಗೆ ಜಾಗವಿಲ್ಲ.

ಹಾಗಾದರೆ ನಾವು ಏನು ಮಾಡಬೇಕು? ಮೂರೇ ಮಾತು.

ಒಂದು: ಯಾವ ಕಸುಬನ್ನೂ ಮಕ್ಕಳಿಗೆ ಶಿಕ್ಷೆಯೆಂಬಂತೆ ಹೇಳಬೇಡಿ. ಚೆನ್ನಾಗಿ ಓದಲಿ, ದೊಡ್ಡ ಹುದ್ದೆಗೆ ಹೋಗಲಿ. ನನ್ನ ಅಪ್ಪನ ಆಸೆಯೂ ಅದೇ ಆಗಿತ್ತು. ಆದರೆ ಓದು ಎಂಬುದು ದುಡಿಯುವವರನ್ನು ಕೀಳಾಗಿ ಕಾಣಲು ಕಲಿಸುವುದಾದರೆ ಅಂಥ ಓದಿನಿಂದ ಏನು ಫಲ?

ಎರಡು: ನಿಮ್ಮ ಮನೆಯ ಬಾಗಿಲು ಸರಿಮಾಡಲು ಬರುವ ಬಡಗಿಗೆ ನೀವು ಕುಡಿಯುವ ಲೋಟದಲ್ಲೇ ಕಾಫಿ ಕೊಡಿ. ಹೆಸರು ಕೇಳಿ, ಹೆಸರಿನಿಂದ ಮಾತನಾಡಿಸಿ. ಒಪ್ಪಿದ ಕೂಲಿಯನ್ನು ಅದೇ ಸಂಜೆ ಕೊಡಿ, ನಾಳೆ ಬಾ ಎನ್ನಬೇಡಿ. ತಡೆಹಿಡಿದ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟುತ್ತದೆಂದು ಸಂತ ಯಕೋಬರು ತಮ್ಮ ಪತ್ರದಲ್ಲಿ (5:4) ಎಚ್ಚರಿಸಿದ್ದಾರೆ.

ಮೂರು: ನಿಮ್ಮ ತಂದೆ ಬದುಕಿದ್ದರೆ, ಇಂದೇ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಗಿರಣಿಯಲ್ಲಿದ್ದರೋ, ಆಟೋ ಓಡಿಸಿದರೋ, ಮೂಟೆ ಹೊತ್ತರೋ, ಅದರ ಕಥೆ ಕೇಳಿ. ಮೊಮ್ಮಕ್ಕಳೂ ಕೇಳಿಸಿಕೊಳ್ಳಲಿ. ಎಂದಾದರೂ ಅವರ ಬಗ್ಗೆ ನಾಚಿಕೆ ಪಟ್ಟಿದ್ದರೆ ಕ್ಷಮೆ ಕೇಳಿ. ನಾಳೆಗೆ ಮುಂದೂಡಬೇಡಿ. ಮುಂದೂಡಿದವನು ನಿಮಗೆ ಈ ಮಾತು ಹೇಳುತ್ತಿದ್ದಾನೆ.

ಈಗ ನಮ್ಮ ಮನೆಯ ಊಟದ ಮೇಜಿನ ಮೇಲೆ ಎರಡು ಸ್ಟ್ಯಾಂಡುಗಳಿವೆ. ಅಪ್ಪನದರಲ್ಲಿ ಇಂದಿಗೂ ಜಪದ ಪುಸ್ತಕ, ನನ್ನದರಲ್ಲಿ ಕಾಗದ. ಅಪ್ಪನದು ಇಷ್ಟು ವರ್ಷವಾದರೂ ಕೂದಲೆಳೆಯಷ್ಟೂ ಸಡಿಲವಾಗಿಲ್ಲ. ನನ್ನದಕ್ಕೆ ಒಂದು ಪಕ್ಕದಲ್ಲಿ ಫೆವಿಕಾಲ್ ಜೊತೆ ಮರದ ಚೂರು ಸೇರಿಸಬೇಕಾಯಿತು. ಮನೆಗೆ ಬಂದವರು "ಇದು ಯಾರು ಮಾಡಿದ್ದು?" ಎಂದು ಕೇಳುತ್ತಾರೆ. "ನಮ್ಮ ಅಪ್ಪ ಮಾಡಿದ್ದು. ಅವರು ಬಡಗಿ" ಎನ್ನುತ್ತೇನೆ. ಶಾಲೆಯಲ್ಲಿ ಎದ್ದುನಿಂತು ಹೇಳಬೇಕಾಗಿದ್ದ ಉತ್ತರವನ್ನು ಈಗ ಬಂದವರಿಗೆಲ್ಲಾ ಹೇಳುತ್ತಿದ್ದೇನೆ. ಅಪ್ಪನಿಗೆ ಅದು ಕೇಳಿಸುತ್ತದೆಂಬುದೇ ಸಂತರ ಅನ್ಯೋನ್ಯತೆಯಲ್ಲಿ ನನ್ನ ವಿಶ್ವಾಸ.

ಪ್ರಾರ್ಥಿಸೋಣ: ನಜರೇತಿನ ಮನೆಯ ಯಜಮಾನರಾದ ಸಂತ ಜೋಸೆಫರೇ, ದುಡಿದು ಸವೆದ ಎಲ್ಲಾ ಕೈಗಳನ್ನು ನಿಮ್ಮ ಪಾಲನೆಗೆ ಒಪ್ಪಿಸುತ್ತೇವೆ. ಕೆಲಸವಿಲ್ಲದವರಿಗೆ ಕೆಲಸ ಸಿಗುವಂತೆಯೂ, ಕೆಲಸವಿದ್ದವರಿಗೆ ಗೌರವ ಸಿಗುವಂತೆಯೂ ಬೇಡಿಕೊಳ್ಳಿರಿ. ನಮ್ಮನ್ನು ಸಾಕಿದ ಕೈಗಳನ್ನು ನಾವು ಎಂದೂ ಅರಿಯೆವೆನ್ನದಂತೆ ಕಾಪಾಡಿರಿ. ಆಮೆನ್.