ಆಮೆಯ ತೊಟ್ಟಿ ತೊಳೆಯೋರು ಯಾರು?

ಬೆಂಗಳೂರಿನ ಬಾಡಿಗೆ ಫ್ಲಾಟಿನಲ್ಲಿ ನಾಯಿ ಸಾಕೋಕೆ ಓನರ್ ಒಪ್ಪಲ್ಲ, ಬೆಕ್ಕು ಸೋಫಾ ಪರಚುತ್ತೆ. ಹಾಗಾಗಿ ನನ್ನ ಗೆಳೆಯರ ಬಳಗದಲ್ಲಿ ಈಗ ಆಮೆಮರಿಗಳ ಕಾಲ. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ, ಅಂಗೈಯಲ್ಲಿ ಕೂರುವ ರೆಡ್ ಇಯರ್ಡ್ ಸ್ಲೈಡರ್. ಬೊಗಳಲ್ಲ, ಕೂದಲು ಉದುರಿಸಲ್ಲ, ವೀಕೆಂಡ್ ಊರಿಗೆ ಹೋಗಿ ಬಂದರೂ ಮುನಿಸಿಕೊಳ್ಳಲ್ಲ.

ಇವುಗಳ ತವರು ಅಮೆರಿಕ. ಅಲ್ಲೇ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವಂತಿಲ್ಲ ಎಂಬ ನಿಯಮ 1975ರಿಂದ ಇದೆ. ನಾಲ್ಕೇ ಇಂಚು ಯಾಕೆ ಅಂದ್ರೆ, ಅದಕ್ಕಿಂತ ಚಿಕ್ಕದನ್ನು ಮಕ್ಕಳು ಬಾಯಿಗಿಟ್ಟುಕೊಳ್ಳುತ್ತವೆ. ಆಮೆಯ ಕರುಳಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಆರಾಮಾಗಿ ಇರುತ್ತೆ, ಆಮೆಗೆ ಸಾಮಾನ್ಯವಾಗಿ ಏನೂ ಆಗಲ್ಲ. ಮಲದಿಂದ ನೀರಿಗೆ, ನೀರಿನಿಂದ ಚಿಪ್ಪಿಗೆ, ಅಲ್ಲಿಂದ ನಮ್ಮ ಕೈಗೆ. ಅದೂ ದಿನಾ ಹೊರಗೆ ಬರಲ್ಲ, ಆದ್ದರಿಂದ ಒಂದು ಸಲ ಟೆಸ್ಟ್ ಮಾಡಿಸಿ 'ಕ್ಲೀನ್' ಅಂದುಬಿಡೋ ಹಾಗೂ ಇಲ್ಲ. ನಮ್ಮಂಥ ಗಟ್ಟಿಮುಟ್ಟಾದವರಿಗೆ ನಾಲ್ಕೈದು ದಿನ ಜ್ವರ, ಭೇದಿ, ಒಂದಿಷ್ಟು ಸಿಕ್ ಲೀವ್. ಐದು ವರ್ಷದೊಳಗಿನ ಮಗುವಿಗೆ, ಅಜ್ಜಿಗೆ, ಕೀಮೋ ತಗೊಳ್ತಿರೋರಿಗೆ ಅದೇ ಸೋಂಕು ರಕ್ತಕ್ಕೆ ಸೇರಿ ಪ್ರಾಣಕ್ಕೇ ಬರಬಹುದು.

ನನ್ನ ತಕರಾರು ಇಲ್ಲಿಂದ ಶುರು. 'ನನ್ನ ಮನೆ, ನನ್ನ ರಿಸ್ಕ್' ಅಂತಾರೆ. ಬೈಕಿನಲ್ಲಿ ಲಡಾಖ್‌ಗೆ ಹೋಗೋರು ಹಾಗನ್ನಲಿ, ಬಿದ್ದರೆ ಮುರಿಯೋದು ಅವರದೇ ಕಾಲು. ಇಲ್ಲಿ ಮುದ್ದು ಮಾಡೋರು ಒಬ್ಬರು, ಕಾಯಿಲೆ ಬೀಳೋರು ಇನ್ನೊಬ್ಬರು. ವಾರಕ್ಕೊಮ್ಮೆ ಆ ತೊಟ್ಟಿಯ ಕೊಳೆನೀರು ಚೆಲ್ಲಿ, ಲೋಳೆ ಉಜ್ಜೋರು ಬಹಳ ಕಡೆ ಮನೆಕೆಲಸಕ್ಕೆ ಬರುವ ಅಕ್ಕ. ಎಲ್ಲಿ? ಅಡುಗೆಮನೆಯ ಸಿಂಕಿನಲ್ಲಿ. ಆಮೇಲೆ ಅಲ್ಲೇ ಕೊತ್ತಂಬರಿ ಸೊಪ್ಪು ತೊಳೆಯೋದು. ಗೆಳತಿಯ ಮನೆಯಲ್ಲಿ ಒಮ್ಮೆ ಕೇಳಿದೆ: "ಅಕ್ಕಾ, ಇದರಿಂದ ಕಾಯಿಲೆ ಬರಬಹುದು ಅಂತ ನಿಮಗೆ ಯಾರಾದ್ರೂ ಹೇಳಿದಾರಾ?"

"ಆಮೆ ಇದ್ರೆ ಮನೆಗೆ ಲಕ್ಷ್ಮಿ ಬರ್ತಾಳಂತೆ, ಅಷ್ಟು ಹೇಳವ್ರೆ ಕಣಮ್ಮ."

ಬರೋ ಲಕ್ಷ್ಮಿ ಯಾರ ಮನೆಗೆ ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ. ಗೊತ್ತಿಲ್ಲದವರ ಮೌನವನ್ನು ಒಪ್ಪಿಗೆ ಅಂತ ಲೆಕ್ಕ ಹಿಡಿಯೋದು ನನಗೆ ಕಾಯಿಲೆಗಿಂತ ಕೆಟ್ಟದಾಗಿ ಕಾಣುತ್ತೆ.

ಪ್ರಾಣಿಯನ್ನಂತೂ ಯಾರೂ ಕೇಳಿಲ್ಲ. 2022ರ ಜನವರಿಯಲ್ಲಿ ಹಾಂಗ್‌ಕಾಂಗಿನ ಅಂಗಡಿಯೊಂದರ ಹ್ಯಾಮ್‌ಸ್ಟರುಗಳಲ್ಲಿ ಕೋವಿಡ್ ಪತ್ತೆಯಾದಾಗ ಸರ್ಕಾರ ಸುಮಾರು 2,000 ಪುಟ್ಟ ಪ್ರಾಣಿಗಳನ್ನು ಕೊಲ್ಲಿಸಲು ಹೊರಟಿತು. ಈಚೆಗೆ ಕೊಂಡವರೂ ತಂದೊಪ್ಪಿಸಬೇಕು ಅಂದಿತು. ನೆದರ್ಲೆಂಡ್ಸಿನಿಂದ ಅವನ್ನು ತರಿಸಿದ್ದು ಮನುಷ್ಯರು, ಲೆಕ್ಕ ತೀರಿಸಿದ್ದು ಹ್ಯಾಮ್‌ಸ್ಟರುಗಳು.

ಮನೆಯಲ್ಲಿ ಪುಟ್ಟ ಮಗು ಇದ್ದರೆ ಆಮೆ ಬೇಡವೇ ಬೇಡ ಅನ್ನೋದು ನನ್ನ ನಿಲುವು. ಆದರೆ ಇಷ್ಟು ಓದಿ ಹೆದರಿ ರಾತ್ರೋರಾತ್ರಿ ಹತ್ತಿರದ ಕೆರೆಗೆ ಬಿಟ್ಟು ಬರಬೇಡಿ. 20–30 ವರ್ಷ ಬದುಕುವ, ಊಟದ ತಟ್ಟೆಯಗಲ ಬೆಳೆಯುವ ಜೀವ ಅದು. ಕೆರೆಯಲ್ಲಿ ನಮ್ಮ ನಾಡಿನ ಆಮೆಗಳ ಜಾಗ, ಊಟ ಎರಡನ್ನೂ ಕಸಿಯುತ್ತೆ. ತಂದಾಗಿದೆ ಅಂದ್ರೆ ಬಾತ್‌ರೂಮಿನಲ್ಲಿ ಅದಕ್ಕೇ ಅಂತ ಒಂದು ಬಕೆಟ್, ಒಂದು ಬ್ರಷ್, ಪಕ್ಕದಲ್ಲಿ ಸೋಪು ಇಡಿ. ಭಾನುವಾರ ಬೆಳಗ್ಗೆ ಎದ್ದು ನೀವೇ ಉಜ್ಜಿ.