ಹುಲಿಯ ಹಸಿವು

ಮಕ್ಕಳ ಕಥೆಗಳನ್ನು ಕುರಿತು ನಮ್ಮಲ್ಲಿ ನಡೆಯುವ ಚರ್ಚೆಗಳಲ್ಲಿ ಮಕ್ಕಳ ಅಭಿಪ್ರಾಯಕ್ಕೆ ಎಡೆ ಸಿಗುವುದು ಅಪರೂಪ. ಬರೆಯುವವರು ದೊಡ್ಡವರು, ಅಚ್ಚು ಹಾಕುವವರು ದೊಡ್ಡವರು, ಕೊಂಡು ತರುವವರು ದೊಡ್ಡವರು. ಕೊನೆಗೆ ‘ಈ ಕಥೆಯ ನೀತಿಯೇನು?’ ಎಂದು ಕೇಳುವವರೂ ದೊಡ್ಡವರೇ. ಉತ್ತರ ಮೊದಲೇ ನಿಶ್ಚಯವಾಗಿರುತ್ತದೆ. ಮಗು ಅದನ್ನು ಹೇಳಿದರೆ ಜಾಣ; ಬೇರೇನನ್ನಾದರೂ ಹೇಳಿದರೆ ಅದಕ್ಕೆ ಕಥೆ ತಿಳಿಯಲಿಲ್ಲವೆಂದು ತೀರ್ಮಾನ. ಆದರೆ ಆ ‘ಬೇರೇನಾದರೂ’ ಎಂಬುದರಲ್ಲಿಯೇ ದೊಡ್ಡವರು ವಿಚಾರ ಮಾಡತಕ್ಕ ಸಂಗತಿಯೊಂದು ಅಡಗಿರಬಹುದು. ಅಂಥ ಒಂದು ಸಂಗತಿಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಾನು ಕಾಲೇಜಿನಲ್ಲಿ ಕನ್ನಡ ಕಲಿಸುವವನು. ಊರು ನವಲಗುಂದ ತಾಲೂಕಿನ ಮೊರಬ. ರಜೆಗೆ ಊರಿಗೆ ಹೋದಾಗ ಓಣಿಯ ಮಕ್ಕಳನ್ನು ಕೂಡಿಸಿಕೊಂಡು ಪುಸ್ತಕ ಓದುವ ರೂಢಿಯುಂಟು. ಒಮ್ಮೆ ಓದಿದ್ದು ಗೋವಿನ ಹಾಡನ್ನು ಆಧರಿಸಿದ ಒಂದು ಚಿತ್ರಕಥೆ. ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಕಾಳಿಂಗನೆಂಬ ಗೊಲ್ಲನ ಆಕಳು ಪುಣ್ಯಕೋಟಿ ಕಾಡಿನಲ್ಲಿ ಹಸಿದ ಹುಲಿಗೆ ಸಿಕ್ಕುತ್ತದೆ. ಕರುವಿಗೆ ಹಾಲೂಡಿಸಿ ಬರುತ್ತೇನೆಂದು ಮಾತು ಕೊಟ್ಟು ಹೋಗಿ, ಆಡಿದಂತೆ ಮರಳಿ ಬರುತ್ತದೆ. ಅದರ ಸತ್ಯಕ್ಕೆ ಬೆರಗಾದ ಹುಲಿ ತನ್ನ ಪ್ರಾಣವನ್ನೇ ಬಿಡುತ್ತದೆ. ಕೊನೆಯ ಪುಟದಲ್ಲಿ ಬಿದ್ದ ಹುಲಿ, ನಿಂತ ಆಕಳು, ಹಿಂದೆ ಹಸಿರು ಗುಡ್ಡ.

ಓದಿ ಮುಗಿಸಿ ನಾನು ಸುಮ್ಮನೆ ಕುಳಿತೆ. ಮೊದಲ ಪ್ರಶ್ನೆ ಒಬ್ಬ ಹುಡುಗನದು: ‘ಕಾಕಾ, ಆಕಳಾ ಮನಿಗೆ ಬಂದಾಗ ಕಾಳಿಂಗಗ ಯಾಕ ಹೇಳಲಿಲ್ಲ?’ ಇದು ದನ ಕಟ್ಟುವ ಮನೆಯ ಪ್ರಶ್ನೆ. ಆಕಳಿಗೊಬ್ಬ ಯಜಮಾನನಿದ್ದ ಮೇಲೆ ಅದನ್ನು ಕಾಯುವ ಹೊಣೆ ಅವನದಲ್ಲವೆ? ಎರಡನೆಯದು ಇನ್ನೂ ನೇರವಾಗಿತ್ತು: ‘ಹುಲಿ ಯಾಕ ಸಾಯಬೇಕಿತ್ತು? ಅದಕ್ಕ ಹಸಿವಿ ಆಗಿತ್ತಲ್ಲ?’ ಮೂರನೆಯದನ್ನು ಕೇಳಿದವಳು ಏಳೆಂಟು ವರ್ಷದ ಹುಡುಗಿ: ‘ಅದು ಹೆಣ್ಣ ಹುಲಿ ಇದ್ದರ? ಅದಕ್ಕೂ ಮರಿ ಇದ್ದರ ಅವನ್ನ ಯಾರು ನೋಡ್ಕೋಬೇಕು?’ ಅಲ್ಲಿಯೇ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು, ‘ಕಥಿಗೆ ಹಂಗೆಲ್ಲಾ ಕೇಳಬಾರದವಾ, ಸತ್ಯ ದೊಡ್ಡದು ಅಂತ ತಿಳಕೋಬೇಕು’ ಎಂದರು. ಹುಡುಗಿ ಸುಮ್ಮನಾದಳು. ಪ್ರಶ್ನೆ ಮಾತ್ರ ಸುಮ್ಮನಾಗಲಿಲ್ಲ.

ನಮ್ಮದು ಎರಿ ಭೂಮಿಯ ಬಯಲುಸೀಮೆ. ಕಾಡಿಲ್ಲ, ಹುಲಿಯಿಲ್ಲ, ಹುಲಿಯನ್ನು ಈ ಮಕ್ಕಳು ಚಿತ್ರದಲ್ಲಿ ಕಂಡವರು. ಆದರೆ ಹೊಲದಲ್ಲಿ ಕುರಿ ತರುಬುವ ಕುರುಬರ ಬಾಯಲ್ಲಿ ತೋಳದ ಮಾತನ್ನು ಕೇಳಿದ್ದಾರೆ. ತೋಳ ಮರಿಯನ್ನು ಹೊತ್ತೊಯ್ದರೆ ಕುರುಬ ಬೈಯುತ್ತಾನೆ, ಬಡಿಗೆ ಹಿಡಿದು ಬೆನ್ನಟ್ಟುತ್ತಾನೆ. ತೋಳ ನಾಚಿ ಸಾಯಲೆಂದು ಎಂದೂ ಬಯಸುವುದಿಲ್ಲ. ಮಕ್ಕಳ ಪ್ರಶ್ನೆ ಈ ಅನುಭವದಿಂದ ಹುಟ್ಟಿದ್ದು. ಕಥೆ ತಿಳಿಯದೆ ಹುಟ್ಟಿದ್ದಲ್ಲ.

ಮಕ್ಕಳು ಕಥೆಯನ್ನು ನಾವೆಣಿಸಿದಂತೆ ಓದುವುದಿಲ್ಲವೆಂಬುದು ಹಳೆಯ ಮಾತು. ರೂಸೋ 1762ರಲ್ಲಿ ಪ್ರಕಟಿಸಿದ ‘ಎಮಿಲ್’ ಗ್ರಂಥದಲ್ಲಿ ಲಾ ಫಾಂಟೇನನ ಪ್ರಾಣಿಕಥೆಗಳನ್ನು ಮಕ್ಕಳಿಗೆ ಕೊಡಲೇಬಾರದೆಂದು ವಾದಿಸಿದ. ಕಾಗೆ ಮತ್ತು ನರಿಯ ಕಥೆಯಲ್ಲಿ ನಾವು ಹೊಗಳಿಕೆಗೆ ಮರುಳಾಗಬೇಡವೆಂದು ಹೇಳಹೊರಟರೆ ಮಗು ನರಿಯ ಪಕ್ಷ ವಹಿಸುತ್ತದೆ; ಇರುವೆಯ ಕಥೆಯಲ್ಲಿ ದುಡಿಮೆಯ ಪಾಠ ಹೇಳಹೊರಟರೆ ಬೇಡಿ ಬಂದವನನ್ನು ಹಂಗಿಸಿ ಕಳಿಸುವುದನ್ನು ಕಲಿಯುತ್ತದೆ ಎಂಬುದು ಅವನ ಆಕ್ಷೇಪ. ರೂಸೋ ಕಂಡದ್ದು ನಿಜ. ಆದರೆ ಅವನು ಹೆದರಿದ್ದು ಮಗು ಬಲಶಾಲಿಯ ಕಡೆಗೆ ವಾಲುವುದಕ್ಕೆ. ಮೊರಬದ ಹುಡುಗಿ ವಾಲಿದ್ದು ಸತ್ತವನ ಕಡೆಗೆ. ಕಥೆ ಕರುಣೆಯನ್ನು ಆಕಳಿನವರೆಗೆ ತಂದು ನಿಲ್ಲಿಸಿತ್ತು. ಅವಳು ಅದನ್ನು ಹುಲಿಯ ಗವಿಯವರೆಗೆ ಒಯ್ದಳು.

ಈ ಪ್ರಶ್ನೆ ನಮ್ಮ ಪೂರ್ವಿಕರಿಗೂ ಹೊಳೆದಿತ್ತೆಂಬುದಕ್ಕೆ ಗುರುತುಗಳಿವೆ. ಪದ್ಮಪುರಾಣದ ಸೃಷ್ಟಿಖಂಡದಲ್ಲಿ ನಂದೆಯೆಂಬ ಆಕಳಿನ ಕಥೆಯುಂಟು. ಅದು ಪುಣ್ಯಕೋಟಿಯ ಕಥೆಯ ಹತ್ತಿರದ ನಂಟು. ಅಲ್ಲಿ ಹುಲಿ ನಿಜವಾದ ಹುಲಿಯಲ್ಲ, ಪ್ರಭಂಜನನೆಂಬ ಅರಸ. ಮರಿಗೆ ಮೊಲೆಯೂಡಿಸುತ್ತಿದ್ದ ಹುಲ್ಲೆಯನ್ನು ಬೇಟೆಯಲ್ಲಿ ಕೊಂದು, ಅದರ ಶಾಪದಿಂದ ಹುಲಿಯಾದವನು. ನಂದೆಯ ಸತ್ಯದಿಂದ ಅವನಿಗೆ ಶಾಪವಿಮೋಚನೆಯಾಗುತ್ತದೆಯೇ ಹೊರತು ಮರಣವಲ್ಲ. ಪುರಾಣಕಾರನ ವಿವೇಕವನ್ನು ಗಮನಿಸಬೇಕು. ಪಶ್ಚಾತ್ತಾಪ ಪಡಬೇಕಾದವನು ಮನುಷ್ಯ. ಆದ್ದರಿಂದ ಹುಲಿಯ ತೊಗಲಿನೊಳಗೆ ಅವನು ಒಬ್ಬ ಮನುಷ್ಯನನ್ನೇ ಇಟ್ಟ. ನಮ್ಮ ಹಾಡು ಆ ಅರಸನನ್ನು ತೆಗೆದುಹಾಕಿ ಹುಲಿಯನ್ನು ಹುಲಿಯಾಗಿಯೇ ಉಳಿಸಿಕೊಂಡಿತು. ಹಾಡಿನ ಬೆಡಗು ಹೆಚ್ಚಿದ್ದೂ ಅದರಿಂದಲೇ, ಮಕ್ಕಳಿಗೆ ತೊಡಕಾದದ್ದೂ ಅದರಿಂದಲೇ.

ಬೌದ್ಧರ ವ್ಯಾಘ್ರೀಜಾತಕ ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಈದ ಹೆಣ್ಣುಹುಲಿಯೊಂದು ಹಸಿವಿನಿಂದ ಕಂಗೆಟ್ಟು ತನ್ನ ಮರಿಗಳನ್ನೇ ತಿನ್ನುವ ಸ್ಥಿತಿಗೆ ಬಂದಿದೆ; ಬೋಧಿಸತ್ತ್ವನು ತನ್ನ ದೇಹವನ್ನೇ ಅದಕ್ಕೆ ಆಹಾರವಾಗಿ ಕೊಡುತ್ತಾನೆ. ಹುಲಿಗೂ ಮರಿಗಳಿರಬಹುದೆಂಬ ಮಾತನ್ನು ಹುಡುಗಿಗಿಂತ ಮೊದಲೇ ಆರ್ಯಶೂರನು ತನ್ನ ಜಾತಕಮಾಲೆಯ ಮೊದಲ ಕಥೆಯಾಗಿ ಹೇಳಿದ್ದ.

ಇದೆಲ್ಲ ಪುಸ್ತಕದ ಮಾತಾಯಿತು, ಇದರಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. 2025ರ ಜೂನ್ ತಿಂಗಳಲ್ಲಿ ಚಾಮರಾಜನಗರ ಜಿಲ್ಲೆಯ ಮಲೆಮಹದೇಶ್ವರ ವನ್ಯಧಾಮದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತುಬಿದ್ದಿದ್ದವು. ಹುಲಿ ಕೊಂದಿದ್ದ ಆಕಳಿನ ಕಳೇಬರಕ್ಕೆ ಸೇಡಿನಿಂದ ವಿಷ ಹಾಕಲಾಗಿತ್ತೆಂದು ತನಿಖೆಯಿಂದ ತಿಳಿದುಬಂದಿತು. ಆಕಳು, ಹುಲಿ, ತಾಯಿ, ಮರಿ: ಗೋವಿನ ಹಾಡಿನ ಪಾತ್ರಗಳೆಲ್ಲ ಅಲ್ಲಿದ್ದವು. ಎಳೆಯವು ಮಾತ್ರ ಈ ಸಲ ಹುಲಿಯ ಕಡೆಗಿದ್ದವು.

ಆಕಳು ಕಳೆದುಕೊಂಡವನ ದುಃಖವನ್ನು ನಾನು ಹಗುರಾಗಿ ಕಾಣುವವನಲ್ಲ. ಒಂದು ಆಕಳೆಂದರೆ ಬಡವನ ಮನೆಯಲ್ಲಿ ಹಾಲು, ಗೊಬ್ಬರ, ಮಗಳ ಮದುವೆಯ ಆಧಾರ. ಹೆಸರಿಟ್ಟು ಕರೆದು ಸಾಕಿದ ಜೀವ. ಸರಕಾರ ಕೊಡುವ ಪರಿಹಾರದ ಹಣದಿಂದ ಆ ಸಂಕಟ ತೀರುವಂತಿಲ್ಲ. ಕಾಳಿಂಗನ ಹೊಣೆಯನ್ನು ಕುರಿತ ಹುಡುಗನ ಪ್ರಶ್ನೆ ಇಲ್ಲಿ ಬಂದು ನಿಲ್ಲುತ್ತದೆ: ಬಡ ದನಗಾರನಿಗೆ ಮೇವೆಲ್ಲಿ, ದೊಡ್ಡಿಯೆಲ್ಲಿ, ನ್ಯಾಯವೆಲ್ಲಿ? ಅದನ್ನು ಕೇಳದೆ ಹುಲಿಯ ಪರವಾಗಿ ಮಾತನಾಡುವುದು ಪಟ್ಟಣದವರ ಸುಲಭ ಧರ್ಮವಾದೀತು.

ಆದರೂ ದುಃಖ ಬೇರೆ, ಸೇಡು ಬೇರೆ. ಸೇಡು ತೀರಿಸಿಕೊಳ್ಳಬೇಕಾದರೆ ಎದುರಿಗಿರುವುದು ಅಪರಾಧಿಯೆಂದು ಮೊದಲು ನಂಬಬೇಕು. ಹುಲಿಯನ್ನು ಹಾಗೆ ನಂಬಲು ಆಧಾರವೇನು? ಶಿವರಾಮ ಕಾರಂತರ ಮಗ, ನಾಗರಹೊಳೆಯಲ್ಲಿ ದಶಕಗಳ ಕಾಲ ಹುಲಿಗಳನ್ನು ಅಭ್ಯಸಿಸಿದ ಉಲ್ಲಾಸ ಕಾರಂತರ ಲೆಕ್ಕದಂತೆ ಒಂದು ಹುಲಿಗೆ ವರ್ಷಕ್ಕೆ ಜಿಂಕೆ, ಕಡವೆಗಳಂಥ ಸುಮಾರು 50 ಪ್ರಾಣಿಗಳು ಬೇಕು. ಆ 50 ದೊರೆಯಬೇಕಾದರೆ ಕಾಡಿನಲ್ಲಿ 500 ಮೇಯುತ್ತಿರಬೇಕು. 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳು 563 ಎಂದು ಅಂದಾಜಾಯಿತು. ಇವುಗಳಲ್ಲಿ ಒಂದಾದರೂ ಹುಲ್ಲು ತಿಂದು ಬದುಕಲು ಬಾರದು. ಬೇರೆ ದಾರಿಯಿಲ್ಲದವನಿಗೆ ಪಾಪವಿಲ್ಲ. ಪಾಪಪುಣ್ಯದ ಮಾತು ಹುಟ್ಟುವುದು ಹೀಗೂ ಮಾಡಬಹುದು, ಹಾಗೂ ಮಾಡಬಹುದು ಎಂಬ ಆಯ್ಕೆಯಿದ್ದಲ್ಲಿ. ಆ ಆಯ್ಕೆ ವಿಷ ಬೆರೆಸುವ ಕೈಗಿದೆ, ಹಲ್ಲಿಗಿಲ್ಲ.

ಹಾಗಾದರೆ ಗೋವಿನ ಹಾಡು ಸುಳ್ಳೆ? ಅದನ್ನು ಮಕ್ಕಳ ಪುಸ್ತಕದಿಂದ ತೆಗೆಯಬೇಕೆ? ಹಾಗೆನ್ನುವವರ ಪೈಕಿ ನಾನಲ್ಲ. ಹಾಡಿನ ಹುಲಿ ಕಾಡಿನ ಹುಲಿಯಲ್ಲ. ಅದು ಕೈಗೆ ಸಿಕ್ಕ ದುರ್ಬಲನ ಮುಂದೆ ನಿಂತ ಬಲಶಾಲಿ: ಸಾಲಗಾರನ ಮುಂದೆ ನಿಂತ ಸಾಹುಕಾರ, ರೈತನ ಮುಂದೆ ನಿಂತ ಅಧಿಕಾರಿ. ಅಂಥವನು ಎದುರಿನ ಜೀವದ ಸತ್ಯಕ್ಕೆ ನಾಚಬಲ್ಲನೆಂಬ ಭರವಸೆಯನ್ನು ಹಾಡು ಕೊಡುತ್ತದೆ. ಆ ಭರವಸೆ ಮಕ್ಕಳಿಗೆ ಬೇಕು. ಅಪಾಯ ಬರುವುದು ಎರಡು ಹುಲಿಗಳನ್ನು ನಾವು ಒಂದೆಂದು ತಿಳಿದಾಗ. ಆಗ ಮನುಷ್ಯ ಪಡಬೇಕಾದ ನಾಚಿಕೆಯನ್ನು ಕಾಡಿನ ಮೃಗದ ಮೇಲೆ ಹೊರಿಸಿ ನಾವು ನಿಶ್ಚಿಂತರಾಗುತ್ತೇವೆ. ಚಿತ್ರಕಥೆಯಲ್ಲಿ ಈ ಅಪಾಯ ಹೆಚ್ಚು. ಹಾಡಿನಲ್ಲಿ ಕೇಳಿದ ಹುಲಿ ಮನಸ್ಸಿನಲ್ಲಿ ರೂಪ ತಾಳಿದರೆ, ಬರೆದು ತೋರಿಸಿದ ಹುಲಿಗೆ ಕಾಡಿನ ಪಟ್ಟೆಗಳೇ ಇರುತ್ತವೆ.

ಮಕ್ಕಳು ಈ ಭೇದವನ್ನು ತಾಳಲಾರರೆಂದು ಯಾರೂ ಹೇಳಬೇಕಾಗಿಲ್ಲ. ಕೋಲನ್ನು ಕುದುರೆಯೆಂದು ಓಡಿಸುವ ಮಗು ಅದಕ್ಕೆ ನಿಜವಾದ ಹುಲ್ಲು ತಿನ್ನಿಸಹೋಗುವುದಿಲ್ಲ. ಪುಣ್ಯಕೋಟಿಗಾಗಿ ಅತ್ತು, ಅದೇ ಉಸಿರಿನಲ್ಲಿ ಹುಲಿಗಾಗಿಯೂ ಮರುಗುವ ಶಕ್ತಿ ಅವರಿಗಿದೆ. ಆ ಮರುಕವನ್ನು ಒಂದು ನೀತಿವಾಕ್ಯದಿಂದ ನಾವು ಕತ್ತರಿಸದಿದ್ದರೆ ಸಾಕು. ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಕಥೆ ಮುಗಿದ ಬಳಿಕ ‘ನೀತಿಯೇನು?’ ಎಂದು ನಾವು ಕೇಳುವ ಮೊದಲು ‘ನಿನಗೇನಾದರೂ ಕೇಳುವುದಿದೆಯೆ?’ ಎಂದು ಒಂದು ಮಾತು ಕೇಳಿ ನೋಡಬಹುದು. ಅವರು ಕೇಳಿದ್ದಕ್ಕೆ ಉತ್ತರ ನಮ್ಮಲ್ಲಿ ಸಿದ್ಧವಿಲ್ಲದಿದ್ದರೂ ಚಿಂತೆಯಿಲ್ಲ. ಪುಸ್ತಕ ಮುಚ್ಚಿಟ್ಟು ಅವರೊಡನೆ ಕುಳಿತು ಯೋಚಿಸಲು ದೊಡ್ಡವರಿಗೆ ಅಷ್ಟು ಪುರಸೊತ್ತು ಇರಬೇಕು.